ಸಣ್ಣ ವಿಡಿಯೊ ಕ್ಯಾಮೆರಾಗೆ ಅಲ್ಟ್ರಾ ವೈಡ್ ಲೆನ್ಸ್: ಎಂಎಂ ನೋಡುವ ಮೊದಲು ಟೇಪ್ ಹಿಡಿಯಿರಿ

ಮನೆ ತೋರಿಸುವ ವಿಡಿಯೊ ಇರಲಿ, ಗೃಹಪ್ರವೇಶದ ಪೂಜೆ ಇರಲಿ, ಕ್ಯಾಮೆರಾ ಕೈಯಲ್ಲಿ ಹಿಡಿದು ಮಾತಾಡುತ್ತ ನಡೆಯುವ ವ್ಲಾಗ್ ಇರಲಿ, ಕ್ಯಾಮೆರಾ ಜೊತೆ ಬಂದ 16-50 ಎಂಎಂ ಕಿಟ್ ಲೆನ್ಸ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಬೆನ್ನು ಗೋಡೆಗೆ ತಾಗಿದರೂ ಅಡುಗೆಮನೆಯ ಕಟ್ಟೆ ಪೂರ್ತಿ ಫ್ರೇಮಿಗೆ ಬರುವುದಿಲ್ಲ. ಹೋಮಕುಂಡ ಬಂದರೆ ಪುರೋಹಿತರು ಹೊರಗೆ ಉಳಿಯುತ್ತಾರೆ. ಆಗ ಅಲ್ಟ್ರಾ ವೈಡ್ ಹುಡುಕಾಟ ಶುರುವಾಗುತ್ತದೆ. ಅಂಗಡಿಯಲ್ಲಿ 8, 10, 11, 12 ಎಂಎಂ ಅಂತ ಸಾಲಾಗಿ ಇಡುತ್ತಾರೆ. ಅಂಕಿ ಚಿಕ್ಕದಾದಷ್ಟೂ ಅಗಲ ಹೆಚ್ಚು ಎನ್ನುವುದು ನಿಜವೇ. ಆದರೆ ಲೆನ್ಸ್ ಮೇಲೆ ಬರೆದ ಎಂಎಂ ಅರ್ಧ ಲೆಕ್ಕ ಮಾತ್ರ. ಉಳಿದರ್ಧ ನಿಮ್ಮ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, ಅಂದರೆ ಸೆನ್ಸರ್‌ನ ಅಗಲ, ಅದರಲ್ಲೂ ವಿಡಿಯೊ ಮೋಡ್‌ನಲ್ಲಿ ನಿಜವಾಗಿ ಬಳಕೆಯಾಗುವ ಅಗಲ. ಇದನ್ನು ನೋಡದೆ ಕೊಂಡವರು 10 ಎಂಎಂಗೆ ದುಡ್ಡು ಕೊಟ್ಟು 15 ಎಂಎಂ ನೋಟ ಪಡೆಯುತ್ತಾರೆ.

ಇಲ್ಲಿರುವುದು ಲೆನ್ಸ್ ಬದಲಿಸಬಹುದಾದ ಸಣ್ಣ ಕ್ಯಾಮೆರಾಗಳ ಮಾತು: ಸೋನಿ ಝಡ್‌ವಿ-ಇ10, ಕ್ಯಾನನ್ ಆರ್50, ನಿಕಾನ್ ಝಡ್30, ಫ್ಯೂಜಿಯ ಎಕ್ಸ್ ಸರಣಿ, ಇವಕ್ಕಿಂತ ಸಣ್ಣ ಸೆನ್ಸರ್‌ನ, ಪ್ಯಾನಸಾನಿಕ್‌ನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳು.

ಎಷ್ಟು ಅಗಲ ಬೇಕು?

ಲೆಕ್ಕ ಸುಲಭ. ಫ್ರೇಮಿನಲ್ಲಿ ಸಿಗುವ ಅಗಲ = ದೂರ × ಸೆನ್ಸರ್ ಅಗಲ ÷ ಲೆನ್ಸಿನ ಎಂಎಂ. ಸೋನಿ, ನಿಕಾನ್, ಫ್ಯೂಜಿಗಳ ಎಪಿಎಸ್-ಸಿ ಎಂಬ ಗಾತ್ರದ ಸೆನ್ಸರ್ ಸುಮಾರು 23.5 ಎಂಎಂ ಅಗಲ. ಕ್ಯಾನನ್‌ನ ಎಪಿಎಸ್-ಸಿ 22.3. ಮೈಕ್ರೋ ಫೋರ್ ಥರ್ಡ್ಸ್ 17.3.

ಹತ್ತು ಅಡಿಗೆ ಹತ್ತು ಅಡಿಯ ಬೆಡ್‌ರೂಮ್ ತೆಗೆದುಕೊಳ್ಳಿ. ಟ್ರೈಪಾಡ್ ಕಾಲು ಮತ್ತು ಕ್ಯಾಮೆರಾದ ಉದ್ದಕ್ಕೆ ಒಂದೂವರೆ ಅಡಿ ಹೋಗುತ್ತದೆ. ಎದುರು ಗೋಡೆಗೆ ಉಳಿಯುವ ದೂರ ಎಂಟೂವರೆ ಅಡಿ. 16 ಎಂಎಂನಲ್ಲಿ 8.5 × 23.5 ÷ 16, ಅಂದರೆ ಹನ್ನೆರಡೂವರೆ ಅಡಿ. ಎದುರು ಗೋಡೆ ಪೂರ್ತಿ ಬಂತು, ಆದರೆ ಪಕ್ಕದ ಗೋಡೆಗಳು ಬರೀ ಪಟ್ಟಿಯಂತೆ ಕಾಣುತ್ತವೆ, ಮಂಚ ಅರ್ಧಕ್ಕೆ ಕತ್ತರಿಸುತ್ತದೆ. 10 ಎಂಎಂನಲ್ಲಿ ಅದೇ ಜಾಗದಿಂದ ಸುಮಾರು 20 ಅಡಿ ಸಿಗುತ್ತದೆ. ಅಷ್ಟಾದಾಗ ಎರಡೂ ಪಕ್ಕದ ಗೋಡೆಗಳು ಸಾಕಷ್ಟು ಒಳಗೆ ಬಂದು ಅದು ಕೋಣೆ ಅಂತ ಅನಿಸುತ್ತದೆ.

ಕೋಣೆಯನ್ನು ಮೂಲೆಯಿಂದ ತೆಗೆಯುವವರಿಗೆ ಇನ್ನೂ ಸುಲಭದ ಸೂತ್ರವಿದೆ. ಮೂಲೆಯಲ್ಲಿ ಎರಡು ಗೋಡೆಗಳು ಸೇರುವ ಕೋನ 90 ಡಿಗ್ರಿ. ಎರಡೂ ಗೋಡೆ ಕಾಣಬೇಕಾದರೆ ಲೆನ್ಸಿಗೂ ಅಡ್ಡಕ್ಕೆ 90 ಡಿಗ್ರಿ ನೋಟ ಬೇಕು. ಲೆನ್ಸಿನ ಎಂಎಂ, ಸೆನ್ಸರ್ ಅಗಲದ ಸರಿ ಅರ್ಧವಾದಾಗ ಆ 90 ಡಿಗ್ರಿ ಸಿಗುತ್ತದೆ. ಸೋನಿ, ನಿಕಾನ್, ಫ್ಯೂಜಿಗೆ 23.5ರ ಅರ್ಧ, 11.75. ಕ್ಯಾನನ್‌ಗೆ 11.15. ಮೈಕ್ರೋ ಫೋರ್ ಥರ್ಡ್ಸ್‌ಗೆ 8.65. ಹಾಗಾಗಿ 23.5 ಎಂಎಂ ಸೆನ್ಸರ್‌ನಲ್ಲಿ 11 ಎಂಎಂ ಲೆನ್ಸ್ ಗಡಿ ದಾಟಿ ಸುಮಾರು 94 ಡಿಗ್ರಿ ಕೊಡುತ್ತದೆ. 12 ಎಂಎಂ ಸುಮಾರು 89ಕ್ಕೆ ನಿಲ್ಲುತ್ತದೆ. ಅಂಗಡಿಯ ಕಪಾಟಿನಲ್ಲಿ ಒಂದು ಎಂಎಂ ವ್ಯತ್ಯಾಸ ಏನೂ ಅಲ್ಲ ಅನಿಸುತ್ತದೆ, ಸಣ್ಣ ಮನೆಯ ಮೂಲೆಯಲ್ಲಿ ನಿಂತಾಗ ಅದೇ ಒಂದು ಎಂಎಂ ಬಾಗಿಲ ಚೌಕಟ್ಟನ್ನು ಒಳಗೆ ತರುತ್ತದೆ ಅಥವಾ ಹೊರಗಿಡುತ್ತದೆ.

ಪೆಟ್ಟಿಗೆಯ ಮೇಲೆ ಬರೆದಿರುವ ಡಿಗ್ರಿ ಇದಕ್ಕಿಂತ ದೊಡ್ಡದಾಗಿರುತ್ತದೆ. ಕಂಪನಿಗಳು ಸಾಮಾನ್ಯವಾಗಿ ಕೊಡುವುದು ಮೂಲೆಯಿಂದ ಮೂಲೆಗಿನ ಅಳತೆ. ವಿಡಿಯೊಗೆ ಬೇಕಾದದ್ದು ಅಡ್ಡದ ಅಳತೆ. ಮೇಲಿನ ಲೆಕ್ಕ ಅಡ್ಡದ್ದು.

ಕೈಯಳತೆಯ ವ್ಲಾಗ್‌ಗೆ ಲೆಕ್ಕ ಬೇರೆ. ಚಾಚಿದ ಕೈಯಲ್ಲಿ ಕ್ಯಾಮೆರಾಗೂ ಮುಖಕ್ಕೂ ಸುಮಾರು 60 ಸೆಂಮೀ. 16 ಎಂಎಂನಲ್ಲಿ ಅಲ್ಲಿ ಸಿಗುವುದು 88 ಸೆಂಮೀ ಅಗಲ, ಸುಮಾರು 50 ಸೆಂಮೀ ಎತ್ತರ. ತಲೆ, ಭುಜ ತುಂಬಿಬಿಡುತ್ತದೆ. ಹಿಂದಿನ ಊರು ಕಾಣುವುದಿಲ್ಲ. 11 ಎಂಎಂನಲ್ಲಿ 128 ಸೆಂಮೀ ಅಗಲ, 72 ಎತ್ತರ. ಮುಖದ ಸುತ್ತ ಉಸಿರಾಡುವಷ್ಟು ಜಾಗ ಸಿಗುತ್ತದೆ. ರೀಲ್ಸ್‌ಗಾಗಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿಯುವವರು 23.5ರ ಬದಲು 13.2 ಹಾಕಿ ಲೆಕ್ಕ ಮಾಡಬೇಕು, ಏಕೆಂದರೆ ಆಗ ಅಗಲಕ್ಕೆ ಬರುವುದು ಸೆನ್ಸರ್‌ನ ಸಣ್ಣ ಬದಿ. 60 ಸೆಂಮೀ ದೂರದಲ್ಲಿ 16 ಎಂಎಂ ಕೊಡುವುದು ಬರೀ 50 ಸೆಂಮೀ ಅಗಲ. ನಿಲುವು ವಿಡಿಯೊನೇ ಮುಖ್ಯ ಕೆಲಸವಾಗಿದ್ದರೆ 11ಕ್ಕಿಂತ ಮೇಲೆ ಹೋಗಬೇಡಿ.

ಕ್ರಾಪ್ ನುಂಗುವ ಅಗಲ

ಹೆಚ್ಚಿನವರು ಎಡವುವುದು ಇಲ್ಲಿ. ಫೋಟೊದಲ್ಲಿ ಇಡೀ ಸೆನ್ಸರ್ ಬಳಸುವ ಕ್ಯಾಮೆರಾ ವಿಡಿಯೊದಲ್ಲಿ ಮಧ್ಯದ ಭಾಗ ಮಾತ್ರ ಬಳಸಬಹುದು. ಝಡ್‌ವಿ-ಇ10 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 4ಕೆಯಲ್ಲಿ ಸೆಕೆಂಡಿಗೆ 24 ಮತ್ತು 25 ಫ್ರೇಮ್‌ಗೆ ಸೆನ್ಸರ್‌ನ ಪೂರ್ತಿ ಅಗಲ ಬಳಕೆಯಾಗುತ್ತದೆ, 30 ಫ್ರೇಮ್ ಹಾಕಿದೊಡನೆ 1.23 ಪಟ್ಟು ಕ್ರಾಪ್ ಬೀಳುತ್ತದೆ. 10 ಎಂಎಂ ಲೆನ್ಸ್ 12.3 ಆಗುತ್ತದೆ, 11 ಎಂಎಂ 13.5 ಆಗುತ್ತದೆ. ಮೂಲೆಯ 90 ಡಿಗ್ರಿ ಅಲ್ಲಿಗೆ ಮುಗಿಯಿತು. ಹಳೆಯ ಕ್ಯಾನನ್ ಎಂ50 ಇನ್ನೂ ಕಠಿಣ. 4ಕೆಯಲ್ಲಿ ಅದು ಸುಮಾರು ಒಂದೂವರೆ ಪಟ್ಟು ಕತ್ತರಿಸುತ್ತದೆ. ಅದಕ್ಕೆ ಎಷ್ಟೇ ಅಗಲದ ಲೆನ್ಸ್ ಹಾಕಿದರೂ 4ಕೆಯಲ್ಲಿ ಸಾಲದು. ಅಂಥ ಕ್ಯಾಮೆರಾದಲ್ಲಿ ಫುಲ್ ಎಚ್‌ಡಿಯಲ್ಲಿ ತೆಗೆಯುವುದೇ ಲೇಸು. ಆರ್50 ಮತ್ತು ಝಡ್30 ಎರಡೂ 4ಕೆ 30ರಲ್ಲಿ ಪೂರ್ತಿ ಅಗಲ ಕೊಡುತ್ತವೆ.

ನಮ್ಮಲ್ಲಿ 25 ಫ್ರೇಮ್ ಆರಿಸಲು ಇನ್ನೊಂದು ಬಲವಾದ ಕಾರಣವಿದೆ. ಭಾರತದ ಕರೆಂಟು 50 ಹರ್ಟ್ಜ್, ಹಾಗಾಗಿ ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 30 ಫ್ರೇಮ್, 1/60 ಸೆಕೆಂಡ್ ಶಟರ್ ಇಟ್ಟರೆ ಗೋಡೆಯ ಮೇಲೆ ಬೆಳಕಿನ ಪಟ್ಟೆಗಳು ತೇಲುತ್ತವೆ. 25 ಫ್ರೇಮ್, 1/50 ಶಟರ್ ಇಟ್ಟರೆ ಹೋಗುತ್ತವೆ. ಝಡ್‌ವಿ-ಇ10ರ ಮೆನುವಿನಲ್ಲಿ ಎನ್‌ಟಿಎಸ್‌ಸಿ/ಪಾಲ್ ಆಯ್ಕೆಯನ್ನು ಪಾಲ್‌ಗೆ ಹಾಕಿದರೆ 25 ಸಿಗುತ್ತದೆ. ಬದಲಿಸುವಾಗ ಕಾರ್ಡ್ ಫಾರ್ಮ್ಯಾಟ್ ಕೇಳಬಹುದು, ಇರುವುದನ್ನು ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. ಈ ಒಂದು ಬದಲಾವಣೆಯಿಂದ ಪಟ್ಟೆಯೂ ಹೋಯಿತು, ಕಳೆದುಕೊಂಡ ಅಗಲವೂ ವಾಪಸ್ ಬಂತು. ಕೆಲವರಿಗೆ ಹೊಸ ಲೆನ್ಸ್‌ನ ಅಗತ್ಯವೇ ಇಲ್ಲಿಗೆ ತೀರುತ್ತದೆ.

ನಡೆಯುವಾಗಿನ ಅಲುಗಾಟ ತಡೆಯಲು ಹಾಕುವ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಕೂಡ ಅಂಚನ್ನು ಕತ್ತರಿಸಿಯೇ ಕೆಲಸ ಮಾಡುತ್ತದೆ. ಎಷ್ಟು ಕತ್ತರಿಸುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕುವುದಕ್ಕಿಂತ ನಿಮ್ಮ ಕ್ಯಾಮೆರಾದಲ್ಲೇ ಅಳೆಯುವುದು ಹತ್ತು ನಿಮಿಷದ ಕೆಲಸ. ಗೋಡೆಗೆ ಅಡ್ಡಲಾಗಿ ಅಳತೆ ಟೇಪ್ ಅಂಟಿಸಿ. ಕ್ಯಾಮೆರಾವನ್ನು ಗೋಡೆಗೆ ನೇರವಾಗಿ, ಒಂದು ಮೀಟರ್ ದೂರದಲ್ಲಿ ಮೇಜಿನ ಮೇಲಿಡಿ. ಕಿಟ್ ಲೆನ್ಸ್ 16ರಲ್ಲಿರಲಿ. ನೀವು ನಿಜವಾಗಿ ಬಳಸುವ ಒಂದೊಂದು ಮೋಡ್‌ನಲ್ಲೂ ಐದು ಸೆಕೆಂಡ್ ರೆಕಾರ್ಡ್ ಮಾಡಿ: 25 ಫ್ರೇಮ್, 30 ಫ್ರೇಮ್, ಸ್ಟೆಬಿಲೈಸೇಶನ್ ಆಫ್, ಆನ್. ಕಂಪ್ಯೂಟರಿನಲ್ಲಿ ತೆರೆದು ಎಡ ಅಂಚು, ಬಲ ಅಂಚಿನ ಅಂಕಿ ಓದಿ. 23.5 ಎಂಎಂ ಸೆನ್ಸರ್‌ನ ಪೂರ್ತಿ ಅಗಲ ಬಳಕೆಯಾಗಿದ್ದರೆ 147 ಸೆಂಮೀ ಆಸುಪಾಸು ಬರಬೇಕು, ನಾಲ್ಕೈದು ಸೆಂಮೀ ಹೆಚ್ಚುಕಮ್ಮಿ ಪರವಾಗಿಲ್ಲ. ಬಂದ ಅಂಕಿಯಿಂದ ಪೂರ್ತಿ ಅಗಲದ ಅಂಕಿಯನ್ನು ಭಾಗಿಸಿದರೆ ಅದೇ ನಿಮ್ಮ ಕ್ರಾಪ್. ಕೊಳ್ಳಬೇಕೆಂದಿರುವ ಲೆನ್ಸಿನ ಎಂಎಂಗೆ ಅದನ್ನು ಗುಣಿಸಿ, ಆಮೇಲೆ ಮೇಲಿನ ಕೋಣೆಯ ಲೆಕ್ಕ ಮತ್ತೆ ಮಾಡಿ.

ಯಾವ ಲೆನ್ಸ್?

ಸೋನಿ ಇ-ಮೌಂಟ್‌ಗೆ (ಮೌಂಟ್ ಅಂದರೆ ಲೆನ್ಸ್ ಕೂರುವ ಜೋಡಣೆ) ಆಯ್ಕೆ ಹೇರಳ. ಕತ್ತಲೆ ಕೋಣೆ, ರಾತ್ರಿ ಬೀದಿ, ಕೈಯಲ್ಲಿ ಹಿಡಿದು ಮಾತಾಡುವ ವ್ಲಾಗ್ ಇವೆಲ್ಲಕ್ಕೂ ಸೋನಿಯದೇ 11 ಎಂಎಂ ಎಫ್/1.8 (2022, 181 ಗ್ರಾಂ, 55 ಎಂಎಂ ಫಿಲ್ಟರ್) ಮೊದಲ ಆಯ್ಕೆ. ಎಫ್ ಅಂಕಿ ಹೇಳುವುದು ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್ ಎಷ್ಟು ತೆರೆಯುತ್ತದೆ ಎಂದು; ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್/4 ಲೆನ್ಸಿಗಿಂತ ಇದು ಸುಮಾರು ಐದು ಪಟ್ಟು ಬೆಳಕು ಒಳಗೆ ಬಿಡುತ್ತದೆ. ದೀಪದ ಬೆಳಕಿನ ದೇವರ ಕೋಣೆಯಲ್ಲಿ ಐಎಸ್‌ಒ (ಕತ್ತಲಲ್ಲಿ ಚಿತ್ರ ಬೆಳಗಿಸಲು ಏರಿಸುವ, ಏರಿಸಿದಷ್ಟೂ ಕಾಳುಕಾಳಾಗಿಸುವ ಅಂಕಿ) 6400ರಲ್ಲಿ ತೆಗೆಯಬೇಕಾದದ್ದು 1250-1600ಕ್ಕೆ ಇಳಿಯುತ್ತದೆ. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರಿನ ಹಿಡಿಕೆ) ಮೇಲೆ ಮನೆಯೊಳಗೆ ನಡೆಯುತ್ತ ತೆಗೆಯುವವರಿಗೆ ಇ ಪಿಝಡ್ 10-20 ಎಂಎಂ ಎಫ್/4 ಜಿ (2022, 178 ಗ್ರಾಂ, 62 ಎಂಎಂ ಫಿಲ್ಟರ್) ಸರಿ. ಜೂಮ್ ಮಾಡಿದರೂ ಇದರ ಉದ್ದ ಬದಲಾಗುವುದಿಲ್ಲ, ಹಾಗಾಗಿ ಗಿಂಬಲ್ ಬ್ಯಾಲೆನ್ಸ್ ತಪ್ಪುವುದಿಲ್ಲ. ಮದುವೆ, ಪೂಜೆ ತೆಗೆಯುವವರಿಗೆ ಎರಡರ ನಡುವಿನ ದಾರಿ ಸಿಗ್ಮಾ 10-18 ಎಂಎಂ ಎಫ್/2.8 (2023, ಸುಮಾರು 260 ಗ್ರಾಂ, 67 ಎಂಎಂ ಫಿಲ್ಟರ್). ಟ್ಯಾಮ್ರಾನ್ 11-20 ಎಂಎಂ ಎಫ್/2.8 (2021) ಕೂಡ ಒಳ್ಳೆಯ ಲೆನ್ಸ್, ಆದರೆ 335 ಗ್ರಾಂ. ಸಣ್ಣ ಗಿಂಬಲ್‌ನ ಮುಂಭಾಗ ಅದಕ್ಕೆ ಬಗ್ಗುತ್ತದೆ. ಈ ನಾಲ್ಕರಲ್ಲಿ ಯಾವುದಕ್ಕೂ ಲೆನ್ಸ್ ಒಳಗಿನ ಸ್ಟೆಬಿಲೈಸೇಶನ್ ಇಲ್ಲ. ಅದು ಬೇಕೇ ಬೇಕೆಂದರೆ 2012ರ ಹಳೆಯ ಸೋನಿ 10-18 ಎಂಎಂ ಎಫ್/4 ಓಎಸ್‌ಎಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಿ.

ಕ್ಯಾನನ್ ಆರ್50, ಆರ್10ಕ್ಕೆ ಆರ್‌ಎಫ್-ಎಸ್ 10-18 ಎಂಎಂ (2023) ಬರೀ 150 ಗ್ರಾಂ, ಒಳಗೆ ಸ್ಟೆಬಿಲೈಸೇಶನ್ ಇದೆ. ಅಗಲದ ತುದಿಯಲ್ಲೂ ಎಫ್/4.5 ಆದ್ದರಿಂದ ಹಗಲಿಗೆ, ಬೆಳಕಿರುವ ಮನೆಗೆ ಮಾತ್ರ. ಸಂಜೆಯ ಕೆಲಸ ಹೆಚ್ಚಿದ್ದರೆ 2024ರಿಂದ ಈ ಮೌಂಟ್‌ಗೂ ಬಂದಿರುವ ಸಿಗ್ಮಾ 10-18ಕ್ಕೆ ಹೋಗಿ. ಬಜೆಟ್ ಕಡಿಮೆ ಇದ್ದರೆ ಡಿಎಸ್‌ಎಲ್‌ಆರ್ ಕಾಲದ ಇಎಫ್-ಎಸ್ 10-18 ಎಂಎಂ ಮತ್ತು ಕ್ಯಾನನ್ ಅಡಾಪ್ಟರ್ ಜೋಡಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ. ನಿಕಾನ್ ಝಡ್30ಕ್ಕೆ ಡಿಎಕ್ಸ್ 12-28 ಎಂಎಂ ಪವರ್ ಜೂಮ್ (2023, 205 ಗ್ರಾಂ) ವ್ಲಾಗ್‌ಗೆ ಸಾಕು. ಮೂಲೆಯ 90 ಡಿಗ್ರಿಗೆ ಕೂದಲೆಳೆಯಷ್ಟು ಕಡಿಮೆ. ಫ್ಯೂಜಿಗೆ ಎಕ್ಸ್‌ಎಫ್ 8 ಎಂಎಂ ಎಫ್/3.5 (2023, 215 ಗ್ರಾಂ) ಅಥವಾ ಅದೇ ಸಿಗ್ಮಾ. ಮೈಕ್ರೋ ಫೋರ್ ಥರ್ಡ್ಸ್‌ಗೆ ಪ್ಯಾನಸಾನಿಕ್ ಲೈಕಾ 9 ಎಂಎಂ ಎಫ್/1.7 (2022, 130 ಗ್ರಾಂ). ಇನ್ನೂ ಅಗಲ ಬೇಕಾದರೆ ಲಾವೊವ 7.5 ಎಂಎಂ ಎಫ್/2, ಅದು ಮ್ಯಾನ್ಯುವಲ್ ಫೋಕಸ್.

ಮ್ಯಾನ್ಯುವಲ್ ಫೋಕಸ್ ಅಂದಕೂಡಲೇ ಹಿಂಜರಿಯಬೇಕಿಲ್ಲ. 12 ಎಂಎಂ ಲೆನ್ಸನ್ನು ಎಫ್/5.6ಕ್ಕೆ ಇಟ್ಟು 1.3 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 65 ಸೆಂಮೀಯಿಂದ ಅನಂತದವರೆಗೆ ಎಲ್ಲ ಸ್ಪಷ್ಟ. ಮನೆ, ದೇವಸ್ಥಾನದ ಪ್ರಾಂಗಣ, ಹಂಪಿಯ ಕಲ್ಲುಮಂಟಪದ ಒಳಭಾಗ ತೆಗೆಯುವವರು ಒಮ್ಮೆ ಫೋಕಸ್ ಇಟ್ಟು ರಿಂಗ್‌ಗೆ ಟೇಪ್ ಸುತ್ತಿದರೆ ಇಡೀ ದಿನ ಮುಟ್ಟಬೇಕಿಲ್ಲ. ಸ್ಯಾಮ್‌ಯಾಂಗ್ 12 ಎಂಎಂ ಎಫ್/2ರಂಥ ಮ್ಯಾನ್ಯುವಲ್ ಲೆನ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನೇ ಎಫ್/2ರಲ್ಲಿ, ಕೈಯಳತೆಯಲ್ಲಿ ಬಳಸಿದರೆ ಸುಮಾರು 51ರಿಂದ 72 ಸೆಂಮೀ ನಡುವಿನದು ಮಾತ್ರ ಸ್ಪಷ್ಟ. ಕೈ ಸ್ವಲ್ಪ ಮಡಚಿದರೆ ಮುಖ ಮಸುಕು. ವ್ಲಾಗ್‌ಗೆ ಆಟೋಫೋಕಸ್ ಇರುವುದನ್ನೇ ಕೊಳ್ಳಿ. ಸೋನಿಯಲ್ಲಿ ಮ್ಯಾನ್ಯುವಲ್ ಲೆನ್ಸ್ ಹಾಕಿದಾಗ ಕ್ಯಾಮೆರಾ ಕೆಲಸ ಮಾಡದೆ ನಿಂತರೆ ಗಾಬರಿ ಬೇಡ, ಮೆನುವಿನಲ್ಲಿ ‘ರಿಲೀಸ್ ವಿತೌಟ್ ಲೆನ್ಸ್’ ಎನೇಬಲ್ ಮಾಡಿ. ಬಾಡಿಯೊಳಗೆ ಸ್ಟೆಬಿಲೈಸೇಶನ್ ಇರುವ ಕ್ಯಾಮೆರಾಕ್ಕೆ ಲೆನ್ಸಿನ ಎಂಎಂ ಕೂಡ ಕೈಯಾರೆ ಹೇಳಿಕೊಡಬೇಕು. ತಪ್ಪು ಅಂಕಿ ಇದ್ದರೆ ಅದು ಅಲುಗಾಟ ತಡೆಯುವ ಬದಲು ಹೆಚ್ಚಿಸುತ್ತದೆ.

ಎಪಿಎಸ್-ಸಿಗಿಂತ ದೊಡ್ಡ ಸೆನ್ಸರ್‌ಗಾಗಿ ಮಾಡಿದ ಫುಲ್ ಫ್ರೇಮ್ ಲೆನ್ಸನ್ನು ಮುಂದೆ ಕ್ಯಾಮೆರಾ ಬದಲಿಸಿದಾಗ ಬೇಕಾಗುತ್ತದೆ ಅಂತ ಈಗಲೇ ಕೊಳ್ಳುವವರಿದ್ದಾರೆ. ಫುಲ್ ಫ್ರೇಮಿನ 16-35 ಎಪಿಎಸ್-ಸಿಯಲ್ಲಿ ನಿಮ್ಮ ಕಿಟ್ ಲೆನ್ಸಿನಷ್ಟೇ ಅಗಲ. ದುಡ್ಡು, ತೂಕ ಎರಡೂ ಹೆಚ್ಚು, ಅಗಲ ಮಾತ್ರ ಒಂದಿಂಚೂ ಹೆಚ್ಚಿಲ್ಲ.

ಅಂಚಿನಲ್ಲಿ ಹಿಗ್ಗುವ ಮುಖಗಳು

ಅಲ್ಟ್ರಾ ವೈಡ್‌ಗಳಲ್ಲಿ ಎರಡು ಜಾತಿ. ಫಿಶ್‌ಐ ಗೋಡೆಯ ಗೆರೆಗಳನ್ನು ಬಗ್ಗಿಸುತ್ತದೆ. ಮೇಲೆ ಹೇಳಿದ ಲೆನ್ಸುಗಳೆಲ್ಲ ಗೆರೆಗಳನ್ನು ನೇರವಾಗಿಡುವ ಜಾತಿಯವು. ನೇರ ಗೆರೆಗೆ ಕೊಡುವ ಬೆಲೆ ಅಂಚಿನ ಹಿಗ್ಗು. 10 ಎಂಎಂನಲ್ಲಿ ಎಪಿಎಸ್-ಸಿ ಫ್ರೇಮಿನ ಬಲತುದಿಯಲ್ಲಿ ನಿಂತವರ ತಲೆ ಅಡ್ಡಕ್ಕೆ ಸುಮಾರು ಒಂದೂವರೆ ಪಟ್ಟು ಅಗಲವಾಗಿ ಕಾಣುತ್ತದೆ. 16 ಎಂಎಂನಲ್ಲಿ ಸುಮಾರು ಕಾಲು ಪಾಲು ಹೆಚ್ಚು. ಇದು ಲೆನ್ಸಿನ ದೋಷವಲ್ಲ, ಎಷ್ಟೇ ದುಬಾರಿಯದ್ದಾದರೂ ಹೀಗೇ. ಹಾಗಾಗಿ ಮನೆಮಂದಿಯೆಲ್ಲ ಸಾಲಾಗಿ ನಿಂತ ದೃಶ್ಯಕ್ಕೆ 10 ಎಂಎಂ ಬೇಡ. ಎರಡು ಹೆಜ್ಜೆ ಹಿಂದೆ ಸರಿದು 16-18ಕ್ಕೆ ಜೂಮ್ ಮಾಡಿ. ಮದುವೆ ಕೆಲಸಕ್ಕೆ ಒಂದೇ ಎಂಎಂನ ಪ್ರೈಮ್ ಲೆನ್ಸಿಗಿಂತ ಜೂಮ್ ಸರಿ ಎನ್ನುವುದು ಇದೇ ಕಾರಣಕ್ಕೆ.

ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿದರೂ ಗೋಡೆಯ ಗೆರೆಗಳು ತಳದಲ್ಲಿ ಕೂಡಿಕೊಂಡು ಮನೆ ವಾಲಿದಂತೆ ಕಾಣುತ್ತದೆ. ಒಳಾಂಗಣಕ್ಕೆ ಲೆನ್ಸನ್ನು ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಮಟ್ಟಸವಾಗಿ ಇಡಿ. ಅಡುಗೆ ಕಟ್ಟೆಯ ಮೇಲ್ಭಾಗವೂ ಕಾಣುತ್ತದೆ, ಗೆರೆಗಳೂ ನೆಟ್ಟಗಿರುತ್ತವೆ. ಇನ್ನೊಂದು ಮಾತು: ಮನೆ ಮಾರಾಟದ ವಿಡಿಯೊದಲ್ಲಿ 10 ಎಂಎಂ ಬಳಸಿದರೆ ಹತ್ತು ಅಡಿಯ ಕೋಣೆ ಹಾಲ್‌ನಂತೆ ಕಾಣುತ್ತದೆ. ನೋಡಿ ಬಂದವರು ಬಾಗಿಲಲ್ಲೇ ಬೇಸರಪಡುತ್ತಾರೆ. 12-14ರಲ್ಲಿ ತೆಗೆದು, ಕೋಣೆಯ ಅಳತೆಯನ್ನು ಪರದೆಯ ಮೇಲೆ ಬರೆಯುವುದು ನ್ಯಾಯ.

ಬಾಡಿಯೊಳಗೆ ಸೆನ್ಸರ್ ಅಲುಗಾಡಿಸುವ ಸ್ಟೆಬಿಲೈಸೇಶನ್ ಇರುವ ಕ್ಯಾಮೆರಾದಲ್ಲಿ ನಡೆದಾಡಿದರೆ ಮೂಲೆಗಳು ಜೆಲ್ಲಿಯಂತೆ ಕುಣಿಯುವುದಕ್ಕೂ ಕಾರಣ ಇದೇ ಹಿಗ್ಗು. ಅದು ಮಧ್ಯಭಾಗದ ಅಲುಗಾಟಕ್ಕೆ ತಕ್ಕಂತೆ ಸರಿಯುತ್ತದೆ, ಮೂಲೆಯಲ್ಲಿ ಚಿತ್ರ ಅದಕ್ಕಿಂತ ಹೆಚ್ಚು ಸರಿದಿರುತ್ತದೆ. ಪರಿಹಾರ: ಗಿಂಬಲ್ ಹಾಕಿ ಬಾಡಿಯ ಸ್ಟೆಬಿಲೈಸೇಶನ್ ಆಫ್ ಮಾಡುವುದು, ಇಲ್ಲವೇ ನಡೆಯುವ ಬದಲು ನಿಂತು ತೆಗೆಯುವುದು.

ಫಿಲ್ಟರ್, ಮೈಕ್, ಗಿಂಬಲ್

ಲೆನ್ಸ್ ಆರಿಸುವಾಗಲೇ ಅದರ ಮುಂದೆ ಫಿಲ್ಟರ್ ತಿರುಗಿಸಿ ಹಾಕಲು ಬರುತ್ತದೆಯೇ ನೋಡಿ. ಮುಂಗಾಜು ಉಬ್ಬಿರುವ ಕೆಲವು ಲೆನ್ಸುಗಳಿಗೆ, ಉದಾಹರಣೆಗೆ ಪ್ಯಾನಸಾನಿಕ್ 7-14 ಎಂಎಂ ಎಫ್/4ಗೆ, ಅದು ಬರುವುದಿಲ್ಲ. ವಿಡಿಯೊಗೆ ಎನ್‌ಡಿ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜಿನ ಫಿಲ್ಟರ್) ಇಲ್ಲದೆ ಹಗಲಿನ ಕೆಲಸ ಕಷ್ಟ. ನಡು ಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/50 ಇಟ್ಟರೆ ಬೇಕಾಗುವುದು ಸುಮಾರು ಎಫ್/22. ಅದನ್ನು ಎಫ್/4ಕ್ಕೆ ತರಲು ಐದು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಕತ್ತಲೆ ಮಾಡಬೇಕು, ಅಂದರೆ ಎನ್‌ಡಿ32. ಎಫ್/22ರಲ್ಲೇ ತೆಗೆದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ; ಎಫ್/11 ದಾಟಬೇಡಿ.

ತಿರುಗಿಸಿ ಕಡಿಮೆ-ಹೆಚ್ಚು ಮಾಡುವ ವೇರಿಯಬಲ್ ಎನ್‌ಡಿ ಅಲ್ಟ್ರಾ ವೈಡ್‌ಗೆ ಹೊಂದುವುದಿಲ್ಲ. ಅದರೊಳಗೆ ಇರುವುದು ಎರಡು ಪೋಲರೈಸರ್ ಗಾಜು. ಅಂಚಿನಿಂದ ಓರೆಯಾಗಿ ಬರುವ ಬೆಳಕನ್ನು ಅವು ಮಧ್ಯದ ಬೆಳಕಿನಷ್ಟೇ ತಡೆಯಲಾರವು. ಹಾಗಾಗಿ ಜಾಸ್ತಿ ತಿರುಗಿಸಿದಾಗ ಆಕಾಶದ ಮೇಲೆ ದೊಡ್ಡ ಕಪ್ಪು ಗುಣಾಕಾರ ಚಿಹ್ನೆ ಮೂಡುತ್ತದೆ. ಎನ್‌ಡಿ8, ಎನ್‌ಡಿ32 ಎರಡು ಸ್ಥಿರ ಫಿಲ್ಟರ್ ತೆಳುವಾದ ರಿಂಗ್‌ನಲ್ಲಿ ಕೊಳ್ಳಿ, ಒಂದರ ಮೇಲೊಂದು ಹಾಕಬೇಡಿ, ಮೂಲೆ ಕಪ್ಪಾಗುತ್ತದೆ.

ಕ್ಯಾಮೆರಾ ಮೇಲಿನ ಮೈಕಿನ ರೋಮದ ಟೋಪಿ ಫ್ರೇಮಿನ ಮೇಲಂಚಿನಲ್ಲಿ ಇಣುಕುವುದು ಎಷ್ಟೋ ಸಲ ಎಡಿಟಿಂಗ್‌ಗೆ ಕೂತಾಗಲೇ ಗೊತ್ತಾಗುತ್ತದೆ. ಮೈಕನ್ನು ಆದಷ್ಟು ಹಿಂದೆ ಸರಿಸಿ, ಟೋಪಿ ಹಾಕಿಯೇ ಪರೀಕ್ಷಿಸಿ. ಗಿಂಬಲ್ಲನ್ನು ಕೆಳಗೆ ಬಾಗಿಸಿದಾಗ ಅದರ ಮೋಟಾರು, ಟ್ರೈಪಾಡ್ ಕಾಲು, ನಿಮ್ಮದೇ ಚಪ್ಪಲಿ ಕೂಡ ಒಳಗೆ ಬರಬಹುದು.

ಸ್ಕ್ರೂ ಮಾಡಿ ಹಾಕುವ ಕನ್ವರ್ಟರ್

ಕಿಟ್ ಲೆನ್ಸ್ ಮುಂದೆ ಸಿಕ್ಕಿಸುವ ‘0.43x’ ಗಾಜು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮೂಲೆಗಳು ಮಸುಕು, ಅಂಚಿನಲ್ಲಿ ನೇರಳೆ-ಹಸಿರು ಗೆರೆ, ಅಗಲದ ತುದಿಯಲ್ಲಿ ಕಪ್ಪು ವೃತ್ತ. ವೃತ್ತ ಹೋಗಲಿ ಅಂತ ಜೂಮ್ ಮಾಡಿದರೆ ಸಿಕ್ಕ ಅಗಲ ಕೈತಪ್ಪುತ್ತದೆ. ಜೊತೆಗೆ ಅದರ ಭಾರ ಪವರ್ ಜೂಮ್ ಕಿಟ್ ಲೆನ್ಸಿನ ಸಣ್ಣ ಮೋಟಾರಿನ ಮೇಲೆ ಬೀಳುತ್ತದೆ. ಲೆನ್ಸ್ ಬದಲಿಸಲು ಬರದ ಹಳೆಯ ಹ್ಯಾಂಡಿಕ್ಯಾಮ್ ಇರುವವರಿಗೆ ಮಾತ್ರ ಕನ್ವರ್ಟರ್ ಅನಿವಾರ್ಯ. ಅವರು 0.7 ಪಟ್ಟಿನ ಒಳ್ಳೆಯ ಗಾಜಿನದು ನೋಡಲಿ, 0.43ದು ಬೇಡ.

ದುಡ್ಡು ಕೊಡುವ ಮೊದಲು

ಸಾಧ್ಯವಾದರೆ ಒಂದು ದಿನಕ್ಕೆ ಬಾಡಿಗೆಗೆ ತಂದು ನಿಮ್ಮ ಜಾಗದಲ್ಲೇ ತೆಗೆದು ನೋಡಿ. ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ ಲೆನ್ಸ್ ಸುಲಭವಾಗಿ ಸಿಗುತ್ತದೆ. ಕೊಳ್ಳುವ ಪ್ರತಿಯನ್ನೂ ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ಒಳಗಿನ ಒಂದು ಗಾಜು ಚೂರು ಸರಿದು ಕೂತಿದ್ದರೂ ಅಲ್ಟ್ರಾ ವೈಡ್‌ನಲ್ಲಿ ಎದ್ದು ಕಾಣುತ್ತದೆ. ಅಂಗಡಿಯ ಹೊರಗೆ ಬಂದು ದೂರದ ಕಟ್ಟಡದ ಬೋರ್ಡಿಗೆ ಫೋಕಸ್ ಮಾಡಿ ಲಾಕ್ ಮಾಡಿ, ಅಪರ್ಚರ್ ಪೂರ್ತಿ ತೆರೆದಿರಲಿ. ಅದೇ ಬೋರ್ಡನ್ನು ನಾಲ್ಕು ಮೂಲೆಗೂ ಒಂದೊಂದು ಸಲ ತಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ನಾಲ್ಕೂ ಮೂಲೆ ಒಂದೇ ತರ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಗುಣ, ಎಫ್/5.6ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಎಡಕ್ಕೆ ಸ್ಪಷ್ಟ, ಬಲಕ್ಕೆ ಮಸುಕು ಅಂದರೆ ಗಾಜು ಸರಿದಿದೆ. ಆ ಪ್ರತಿ ಬೇಡ, ಬೇರೆಯದು ಕೇಳಿ.

ಆಮೇಲೆ ವಿಡಿಯೊ ಆನ್ ಮಾಡಿ ಹತ್ತಿರದ ಕೈಯಿಂದ ದೂರದ ಗೋಡೆಗೆ ಫೋಕಸ್ ಬದಲಿಸಿ. ಫ್ರೇಮು ಜೂಮ್ ಆದಂತೆ ಹಿಗ್ಗಿ ಕುಗ್ಗಿದರೆ ಮಾತಾಡುವ ವಿಡಿಯೊದಲ್ಲಿ ಅದು ಪದೇಪದೇ ಕಣ್ಣಿಗೆ ಹೊಡೆಯುತ್ತದೆ. ಬೀದಿದೀಪ ಅಥವಾ ಅಂಗಡಿಯ ಬಲ್ಬನ್ನು ಫ್ರೇಮಿನ ಮೂಲೆಗೆ ತಂದು ಬೆಳಕಿನ ಚುಕ್ಕೆಗಳು ಎಷ್ಟು ಮೂಡುತ್ತವೆ ನೋಡಿ. ಇಷ್ಟು ಅಗಲದ ಲೆನ್ಸಿನಲ್ಲಿ ದೀಪವೋ ಸೂರ್ಯನೋ ಒಂದಿಲ್ಲೊಂದು ಫ್ರೇಮಿನಲ್ಲಿ ಇದ್ದೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸ್ ಹಿಂಬದಿಯಿಂದ ಮೊಬೈಲ್ ಟಾರ್ಚ್ ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣಗಳು ಚಿತ್ರಕ್ಕೆ ತೊಂದರೆ ಕೊಡುವುದಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಒಂದೆರಡು ಮಳೆಗಾಲ ಬ್ಯಾಗಿನಲ್ಲೇ ಮುಚ್ಚಿಟ್ಟ ಲೆನ್ಸುಗಳಲ್ಲಿ ಇದು ಸಾಮಾನ್ಯ. ಅಂಥದ್ದನ್ನು ಎಷ್ಟು ಅಗ್ಗವಾದರೂ ತರಬೇಡಿ. ಹೊಸ ಲೆನ್ಸನ್ನೂ ಆ ಕಡೆ ಇಟ್ಟುಕೊಳ್ಳುವವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್ ಒಟ್ಟಿಗೇ ಕೊಂಡು, ಮೀಟರ್ ಶೇಕಡಾ 40ರಿಂದ 50ರ ನಡುವೆ ನಿಲ್ಲುವಂತೆ ಜೆಲ್ ಬದಲಿಸುತ್ತಿರಬೇಕು.